ಬೈಹುಲ್ಲೂ ಅನ್ನದ ಶುದ್ಧಿಯೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರೇ, ಮಕ್ಕಳ ತಾಯ್ತಂದೆಗಳೇ,

ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ ವಿಷಯವನ್ನು ಹುಡುಕುವ ಶ್ರಮ ನನಗೆ ಬೀಳಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅನೇಕ ವರ್ಷಗಳಿಂದ ನಾನೇ ಕಲಿಸುತ್ತ ಬಂದಿರುವ ಪಾಠವೊಂದುಂಟು. "ಗದ್ದೆಯಿಂದ ಬಂದದ್ದು ಗದ್ದೆಗೇ ಹೋಗಬೇಕು. ಬೈಹುಲ್ಲನ್ನು ಸುಡಬಾರದು, ಕೊಳೆಯಿಸಿ ಮಣ್ಣಿಗೆ ಸೇರಿಸಬೇಕು" ಎಂಬದೇ ಅದರ ಸಾರ. ನಿಮ್ಮಲ್ಲಿ ಬಹು ಮಂದಿ ಅದನ್ನು ಬಾಯಿಪಾಠ ಮಾಡಿ ನನ್ನ ಮುಂದೆ ಒಪ್ಪಿಸಿದ್ದೀರಿ. ಆ ಪಾಠವನ್ನು ಇಂದು ನಾನೇ ತಿದ್ದಬೇಕಾಗಿದೆ.

ಕಾರಣವಿಷ್ಟೆ. ಕಳೆದ ವರ್ಷ ಒಬ್ಬ ಹಳೆಯ ವಿದ್ಯಾರ್ಥಿನಿಯಿಂದ ನನಗೆ ಕಾಗದ ಬಂತು. ಅವಳು ಮದುವೆಯಾಗಿ ಸೇರಿದ ಮನೆಯ ಗದ್ದೆಗಳು ಒಂದು ಲೋಹದ ಕಾರ್ಖಾನೆಯ ಕೆಳಗಣ ತೋಡಿನ ಬದಿಯಲ್ಲಿವೆ. "ಟೀಚರೇ, ತಾವು ಕಲಿಸಿದಂತೆ ಹತ್ತು ವರ್ಷ ಹುಲ್ಲನ್ನೆಲ್ಲ ಗದ್ದೆಗೇ ಉತ್ತು ಸೇರಿಸಿದೆವು. ಈಗ ಅಕ್ಕಿಯನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಕ್ಯಾಡ್ಮಿಯಂ ಮಿತಿಗಿಂತ ಹೆಚ್ಚೆಂದು ಬಂದಿದೆ. ಹುಲ್ಲನ್ನು ಹಾಕಿದ್ದು ತಪ್ಪಾಯಿತೇ? ಇನ್ನು ಅದನ್ನು ಏನು ಮಾಡಲಿ? ದನಕ್ಕೆ ಹಾಕಲೇ, ಸುಡಲೇ?" ಎಂದು ಅವಳು ಕೇಳಿದ್ದಳು. ಕಾಗದದ ಕೊನೆಗೆ ಇನ್ನೊಂದು ಮಾತಿತ್ತು. ಅದನ್ನು ಈ ಪಾಠದ ಕೊನೆಗೇ ಹೇಳುವೆನು.

ಉತ್ತರ ಬರೆಯುವದಕ್ಕೆ ನನಗೆ ಮೂರು ವಾರ ಹಿಡಿಯಿತು. ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

೧. ಲೋಹವು ಕೊಳೆಯುವದಿಲ್ಲ

ಹುಲ್ಲು ಕೊಳೆಯುತ್ತದೆ, ಎಲೆ ಕೊಳೆಯುತ್ತದೆ, ಸಗಣಿ ಗೊಬ್ಬರವಾಗುತ್ತದೆ. ಅವುಗಳಲ್ಲಿರುವ ಇಂಗಾಲವು ಗಾಳಿಗೆ ಸೇರುತ್ತದೆ, ಸಾರಜನಕವು ಮಣ್ಣಿಗೆ ಇಳಿಯುತ್ತದೆ. ಆದರೆ ಕ್ಯಾಡ್ಮಿಯಂ, ಸೀಸ, ಪಾದರಸ, ಆರ್ಸೆನಿಕ್ ಎಂಬವು ಮೂಲಧಾತುಗಳು. ಅವುಗಳನ್ನು ಯಾವ ಕ್ರಿಮಿಯೂ ತಿಂದು ಮುಗಿಸಲಾರದು, ಯಾವ ಬಿಸಿಲೂ ಒಣಗಿಸಿ ಕಳೆಯಲಾರದು. ಅವು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ತಿರುಗಬಹುದು, ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋಗಬಹುದು, ಇಲ್ಲದಂತೆ ಆಗುವದಿಲ್ಲ. ಈ ಒಂದು ವಾಕ್ಯವನ್ನು ನೆನಪಿಟ್ಟುಕೊಂಡರೆ ಮುಂದಿನ ಪಾಠವೆಲ್ಲ ತಾನಾಗಿ ತಿಳಿಯುವದು.

ಕ್ಯಾಡ್ಮಿಯಂ ಎಂಬ ಲೋಹವನ್ನು ಜರ್ಮನಿಯ ಫ್ರೀಡ್ರಿಕ್ ಸ್ಟ್ರೋಮೆಯರ್ ಎಂಬ ಪಂಡಿತನು ೧೮೧೭ರಲ್ಲಿ ಕಂಡುಹಿಡಿದನು. ಸತುವಿನ ಅದಿರಿನೊಡನೆ ಅದು ಬೆರೆತಿರುತ್ತದೆ. ಗಣಿಗಳ ಕೊಳೆನೀರು, ಲೋಹ ಕರಗಿಸುವ ಮತ್ತು ಮುಲಾಮು ಹಾಕುವ ಕಾರ್ಖಾನೆಗಳ ನೀರು, ಪಟ್ಟಣದ ಚರಂಡಿಯ ಹೂಳು, ಕೆಲವು ರಂಜಕದ ಗೊಬ್ಬರಗಳು, ಇವುಗಳ ಮೂಲಕ ಅದು ಹೊಲಗದ್ದೆಗಳನ್ನು ಸೇರುತ್ತದೆ. ಆರ್ಸೆನಿಕ್ ಎಂಬದು ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ವಿಷದಲ್ಲಿರುವ ಧಾತು. ಅದು ಸರಿಯಾಗಿ ನೋಡಿದರೆ ಪೂರ್ಣ ಲೋಹವಲ್ಲದಿದ್ದರೂ ಈ ವಿಷಯದಲ್ಲಿ ಭಾರಲೋಹಗಳ ಸಂಗಡವೇ ಎಣಿಸಲ್ಪಡುತ್ತದೆ.

೨. ಜಿಂಜೂ ನದಿಯ ತಾಯಂದಿರು

ಅಕ್ಕಿಯಲ್ಲಿ ಲೋಹ ಸೇರಿದರೆ ಏನಾಗುವದೆಂಬದನ್ನು ಲೋಕಕ್ಕೆ ತೋರಿಸಿದ್ದು ಜಪಾನ್ ದೇಶದ ತೊಯಾಮಾ ಪ್ರಾಂತ. ಅಲ್ಲಿ ಜಿಂಜೂ ಎಂಬ ನದಿ ಹರಿಯುತ್ತದೆ. ಮೇಲ್ಗಡೆ, ಗಿಫು ಪ್ರಾಂತದ ಬೆಟ್ಟಗಳಲ್ಲಿ, ಕಾಮಿಯೋಕಾ ಎಂಬ ಸತುವಿನ ಗಣಿ ಇತ್ತು. ಗಣಿಯ ಕೊಳೆಯನ್ನು ಹೊತ್ತ ನದಿಯ ನೀರನ್ನೇ ಕೆಳಗಿನ ಊರಿನವರು ಕುಡಿದರು, ಗದ್ದೆಗೆ ಕಟ್ಟಿದರು, ಆ ಗದ್ದೆಯ ಅಕ್ಕಿಯನ್ನು ಉಂಡರು.

ಆ ಊರುಗಳಲ್ಲಿ ಒಂದು ವಿಚಿತ್ರ ರೋಗ ಕಾಣಿಸಿತು. ಅದಕ್ಕೆ ಸಿಕ್ಕಿದವರು ಹೆಚ್ಚಾಗಿ ಸ್ತ್ರೀಯರೇ. ಅವರಲ್ಲಿಯೂ ಹಲವು ಮಕ್ಕಳನ್ನು ಹೆತ್ತು ನಡುವಯಸ್ಸು ಮೀರಿದವರು. ಮೊದಲು ಸೊಂಟ ನೋವು, ಬಳಿಕ ನಡಿಗೆ ಕುಂಟುವದು, ಆಮೇಲೆ ಎಲುಬುಗಳು ಮೆತ್ತಗಾಗಿ ಕೆಮ್ಮಿದರೂ ಮುರಿಯುವಂಥ ಸ್ಥಿತಿ. ಅವರು ಹಗಲಿರುಳು "ಇತಾಯ್, ಇತಾಯ್" ಎಂದು ನರಳುತ್ತಿದ್ದರು. "ನೋಯುತ್ತದೆ, ನೋಯುತ್ತದೆ" ಎಂಬದೇ ಆ ಮಾತಿನ ಅರ್ಥ. ಆ ನರಳಿಕೆಯೇ ರೋಗಕ್ಕೆ ಹೆಸರಾಯಿತು. ೧೯೪೬ರಲ್ಲಿ ಯುದ್ಧದಿಂದ ತನ್ನ ಊರಿಗೆ ಹಿಂದಿರುಗಿದ ನೊಬೊರು ಹಾಗಿನೊ ಎಂಬ ವೈದ್ಯನು ಈ ರೋಗಿಗಳನ್ನು ನೋಡುತ್ತ, ಅವರ ಮನೆಗಳು ನದಿಯ ನೀರು ಹಾಯುವ ಪ್ರದೇಶದಲ್ಲಿಯೇ ಇರುವದನ್ನು ಗುರುತಿಸಿದನು. ಮೊದಲು ಅವನನ್ನು ನಂಬಿದವರು ಕಡಿಮೆ. ಆದರೂ ಅವನು ಬಿಡದೆ, ರಸಾಯನ ಪಂಡಿತರ ನೆರವಿನಿಂದ ಕ್ಯಾಡ್ಮಿಯಮ್ಮೇ ಕಾರಣವೆಂದು ಸಾಧಿಸುತ್ತ ಬಂದನು. ೧೯೬೮ರಲ್ಲಿ ಜಪಾನಿನ ಆರೋಗ್ಯ ಇಲಾಖೆ ಅದನ್ನು ಒಪ್ಪಿಕೊಂಡಿತು. ರೋಗಿಗಳು ಹೂಡಿದ ದಾವೆಯಲ್ಲಿ ೧೯೭೨ರಲ್ಲಿ ಮೇಲಿನ ನ್ಯಾಯಾಲಯವೂ ಅವರ ಪರವಾಗಿ ತೀರ್ಪು ಕೊಟ್ಟಿತು. ಕೆಟ್ಟ ಗದ್ದೆಗಳನ್ನು ಸರಿಮಾಡುವ ಕೆಲಸ ಮಾತ್ರ ೧೯೭೯ರಲ್ಲಿ ಆರಂಭವಾಗಿ ೨೦೧೨ರಲ್ಲಿ ಮುಗಿಯಿತು. ೮೦೦ ಹೆಕ್ಟೇರಿಗೂ ಮಿಕ್ಕಿದ ಗದ್ದೆಗಳಲ್ಲಿ ಕೆಟ್ಟ ಮಣ್ಣನ್ನು ಹೂಳಿ, ಅದರ ಮೇಲೆ ಒಳ್ಳೆಯ ಮಣ್ಣನ್ನು ಹರಡಬೇಕಾಯಿತು.

ಸ್ತ್ರೀಯರೇ ಯಾಕೆ ಹೆಚ್ಚಾಗಿ ನರಳಿದರು? ಕ್ಯಾಡ್ಮಿಯಂ ನಮ್ಮ ಮೂತ್ರಪಿಂಡಗಳಲ್ಲಿ ಸೇರಿಕೊಂಡು ಹತ್ತಿಪ್ಪತ್ತು ವರ್ಷಗಳಾದರೂ ಹೊರಡುವದಿಲ್ಲ. ಮೂತ್ರಪಿಂಡ ಕೆಟ್ಟರೆ ಎಲುಬಿಗೆ ಬೇಕಾದ ಸುಣ್ಣವೂ ರಂಜಕವೂ ಮೂತ್ರದಲ್ಲಿ ಸೋರಿಹೋಗುತ್ತವೆ. ಅಲ್ಲದೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರ ಕರುಳು ಕ್ಯಾಡ್ಮಿಯಮ್ಮನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ನಮ್ಮ ನಾಡಿನಲ್ಲಿ ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳು ಎಷ್ಟು ಮಂದಿ ಎಂಬದು ನಿಮಗೆ ಗೊತ್ತಿದೆ. ಆದುದರಿಂದ ಇದು ಗಂಡಸರಿಗೆ ಮಾತ್ರ ಸೇರಿದ ಬೇಸಾಯದ ವಿಷಯವೆಂದು ಬದಿಗಿಡಬೇಡಿರಿ. ಅನ್ನವನ್ನು ಬಡಿಸುವವರಿಗೂ ಉಣ್ಣುವವರಿಗೂ ಇದು ಸೇರಿದೆ.

೩. ಒಂದು ಲೆಕ್ಕ

ಅಂತರರಾಷ್ಟ್ರೀಯ ಆಹಾರ ನಿಯಮದ ಮೇರೆಗೆ ಒಂದು ಕಿಲೋ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಕ್ಯಾಡ್ಮಿಯಂ ೦.೪ ಮಿಲಿಗ್ರಾಮನ್ನು ಮೀರಬಾರದು. ಚೀನಾದಲ್ಲಿ ೦.೨ ಮಿಲಿಗ್ರಾಮೇ ಮಿತಿ. ಒಂದು ಅಕ್ಕಿಕಾಳು ೨೦ ಮಿಲಿಗ್ರಾಂ ತೂಗುವದೆಂದಿಟ್ಟುಕೊಂಡರೆ, ೦.೪ ಮಿಲಿಗ್ರಾಂ ಎಂದರೆ ಒಂದು ಕಾಳಿನ ಐವತ್ತನೆಯ ಒಂದು ಪಾಲು. ಒಂದು ಕಿಲೋವಿನಲ್ಲಿ ಅಂಥ ಕಾಳುಗಳು ಐವತ್ತು ಸಾವಿರ. ಇಷ್ಟು ಸಣ್ಣ ಪ್ರಮಾಣವನ್ನು ಕಣ್ಣು ಕಾಣಲಾರದು, ನಾಲಿಗೆ ತಿಳಿಯಲಾರದು. ಅಕ್ಕಿಯ ಬಣ್ಣವೂ ಪರಿಮಳವೂ ಎಂದಿನಂತೆಯೇ ಇರುವವು.

ಭತ್ತದ ಗಿಡವು ಬೇರಿನಿಂದ ಹೀರಿದ ಕ್ಯಾಡ್ಮಿಯಂನಲ್ಲಿ ಕಾಳಿಗೆ ಹೋಗುವದು ಸ್ವಲ್ಪ ಭಾಗವೇ. ನೆಲದ ಮೇಲಿರುವ ಗಿಡದಲ್ಲಿ ಅದರ ಹೆಚ್ಚಿನ ಪಾಲು ಹುಲ್ಲಿನಲ್ಲಿಯೇ ನಿಲ್ಲುತ್ತದೆ; ಕಾಂಡದ ಗಿಣ್ಣುಗಳು ಅದನ್ನು ಹಿಡಿದಿಡುತ್ತವೆ. ಲೆಕ್ಕಕ್ಕಾಗಿ ಒಂದು ಹೆಕ್ಟೇರ್ ಗದ್ದೆಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ೫ ಟನ್ ಕಾಳೂ ೬ ಟನ್ ಹುಲ್ಲೂ ಬಂದಿವೆ. ಕಾಳಿನಲ್ಲಿ ಕಿಲೋವಿಗೆ ೦.೪ ಮಿಲಿಗ್ರಾಂ, ಹುಲ್ಲಿನಲ್ಲಿ ಅದರ ನಾಲ್ಕು ಪಾಲು, ಎಂದರೆ ೧.೬ ಮಿಲಿಗ್ರಾಂ ಇದೆಯೆನ್ನೋಣ. ಆಗ ಕಾಳಿನೊಂದಿಗೆ ಗದ್ದೆಯಿಂದ ಹೋಗುವದು ೨ ಗ್ರಾಂ. ಹುಲ್ಲಿನಲ್ಲಿ ಉಳಿಯುವದು ೯.೬ ಗ್ರಾಂ. ಹುಲ್ಲನ್ನು ಗದ್ದೆಗೆ ಉತ್ತರೆ ಆ ೯.೬ ಗ್ರಾಂ ಪುನಃ ಮಣ್ಣಿಗೇ ಬಂತು.

ಇಲ್ಲಿ ಜಾಣ ಹುಡುಗಿಯೊಬ್ಬಳು ಎದ್ದು ಕೇಳಬಹುದು: "ಟೀಚರೇ, ಆ ಗದ್ದೆಯ ಮಣ್ಣಿನಲ್ಲಿ ಒಟ್ಟು ಎಷ್ಟಿದೆ?" ಒಳ್ಳೆಯ ಪ್ರಶ್ನೆ. ಒಂದು ಹೆಕ್ಟೇರಿನ ಮೇಲ್ಮಣ್ಣು, ಹದಿನೈದು ಸೆಂಟಿಮೀಟರ್ ಆಳದವರೆಗೆ, ಸುಮಾರು ೨,೦೦೦ ಟನ್ ತೂಗುವದು. ಕಿಲೋವಿಗೆ ೧ ಮಿಲಿಗ್ರಾಂ ಇದ್ದರೂ ಒಟ್ಟು ೨,೦೦೦ ಗ್ರಾಂ ಆಯಿತು. ವರ್ಷಕ್ಕೆ ೯.೬ ಗ್ರಾಮಿನಂತೆ ಹುಲ್ಲಿನ ಮೂಲಕ ತೆಗೆಯುತ್ತ ಹೋದರೆ ಮಣ್ಣು ಶುದ್ಧವಾಗಲು ಇನ್ನೂರು ವರ್ಷ ಬೇಕು. ಹಾಗಾದರೆ ಹುಲ್ಲನ್ನು ಹೊತ್ತು ಹಾಕುವ ಶ್ರಮವೆಲ್ಲ ವ್ಯರ್ಥವೋ?

ವ್ಯರ್ಥವಲ್ಲ. ಮಣ್ಣಿನಲ್ಲಿರುವ ೨,೦೦೦ ಗ್ರಾಮೂ ಗಿಡದ ಬೇರಿಗೆ ಎಟಕುವಂಥದಲ್ಲ. ಅದರ ಬಹುಭಾಗ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ಹುಲ್ಲಿನಲ್ಲಿರುವದಾದರೋ ಸುಲಭವಾಗಿ ಬಿಡುಗಡೆಯಾಗುವಂಥದು. ಅದು ಕೊಳೆಯುವಾಗ ಮುಂದಿನ ಬೆಳೆಯ ಬೇರಿನ ಬಳಿಯಲ್ಲಿಯೇ ಲೋಹವನ್ನು ಬಿಟ್ಟುಕೊಡುತ್ತದೆ. ಇದಲ್ಲದೆ ಕೊಳೆತ ಹುಲ್ಲಿನಿಂದ ಹೊರಟು ನೀರಿನಲ್ಲಿ ಕರಗುವ ಕಂದುಬಣ್ಣದ ದ್ರವ್ಯಗಳು ಮಣ್ಣಿನಲ್ಲಿದ್ದ ಲೋಹವನ್ನೂ ಸಂಗಡ ಹೊತ್ತು ತಿರುಗಬಲ್ಲವು. ಹುಲ್ಲನ್ನು ತೆಗೆಯುವದು ಗದ್ದೆಯನ್ನು ತೊಳೆಯುವ ಉಪಾಯವಲ್ಲ. ಕೆಟ್ಟದ್ದನ್ನು ಮತ್ತೆ ಮತ್ತೆ ಬಡಿಸದಿರುವ ಉಪಾಯ.

ಹುಲ್ಲಿನ ಮೂಲಕವೇ ಗದ್ದೆಯನ್ನು ತೊಳೆಯುವ ಪ್ರಯತ್ನವನ್ನೂ ಜಪಾನಿನ ವಿಜ್ಞಾನಿಗಳು ಮಾಡಿದ್ದಾರೆ. ಕ್ಯಾಡ್ಮಿಯಮ್ಮನ್ನು ಬಹಳವಾಗಿ ಹೀರುವ ಚೋಕೋಕೊಕು ಎಂಬ ಭತ್ತದ ತಳಿಯನ್ನು ಎರಡು ವರ್ಷ ನೀರು ಬಸಿದ ಗದ್ದೆಯಲ್ಲಿ ಬೆಳೆದು, ಗಿಡಗಳನ್ನು ಹೊರಕ್ಕೆ ಸಾಗಿಸಿದಾಗ, ಹೆಕ್ಟೇರಿಗೆ ೮೮೩ ಗ್ರಾಂ ಕ್ಯಾಡ್ಮಿಯಂ ಹೊರಬಂತು. ಮಣ್ಣಿನಲ್ಲಿದ್ದ ಒಟ್ಟು ಲೋಹ ನೂರಕ್ಕೆ ೩೮ರಷ್ಟೂ, ಆಮೇಲೆ ಬೆಳೆದ ಅಕ್ಕಿಯಲ್ಲಿನ ಲೋಹ ನೂರಕ್ಕೆ ೪೭ರಷ್ಟೂ ಇಳಿಯಿತೆಂದು ೨೦೦೯ರಲ್ಲಿ ಪ್ರಕಟಿಸಿದರು. ಅಲ್ಲಿ ಬೆಳೆದ ಕಾಳು ಉಣ್ಣುವದಕ್ಕಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

೪. ನೀರಿನ ಎರಡು ಮುಖಗಳು

ಗದ್ದೆಯಲ್ಲಿ ನೀರು ನಿಂತಿರುವಾಗ ಮಣ್ಣಿಗೆ ಗಾಳಿ ಸಿಕ್ಕುವದಿಲ್ಲ. ಆಗ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ, ನೀರಿನಲ್ಲಿ ಕರಗದ ವಸ್ತುವಾಗಿ ಮಣ್ಣಿನಲ್ಲಿಯೇ ಉಳಿಯುತ್ತದೆ. ನೀರನ್ನು ಬಿಟ್ಟು ಗದ್ದೆಯನ್ನು ಒಣಗಿಸಿದೊಡನೆ ಗಾಳಿ ಒಳಹೊಕ್ಕು ಆ ಬಂಧನವನ್ನು ಬಿಡಿಸುತ್ತದೆ. ಆದುದರಿಂದ ಜಪಾನಿನಲ್ಲಿ ತೆನೆ ಹೊರಡುವ ಮೂರು ವಾರ ಮುಂಚಿನಿಂದ ಮೂರು ವಾರ ಅನಂತರದವರೆಗೆ ಗದ್ದೆಯಲ್ಲಿ ನೀರು ನಿಲ್ಲಿಸುವಂತೆ ಒಕ್ಕಲಿಗರಿಗೆ ಹೇಳಿಕೊಟ್ಟರು. ಹುಳಿಯಾದ ಮಣ್ಣಿನಲ್ಲಿ ಕ್ಯಾಡ್ಮಿಯಂ ಹೆಚ್ಚು ಕರಗುವದರಿಂದ ಸುಣ್ಣ ಹಾಕುವದೂ ಒಳ್ಳೆಯದು. ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣು ಸ್ವಭಾವದಿಂದಲೇ ಹುಳಿಯೆಂಬದನ್ನು ಇಲ್ಲಿ ಮರೆಯಬಾರದು.

ಆರ್ಸೆನಿಕ್ಕಿನ ಗುಣ ಇದಕ್ಕೆ ತದ್ವಿರುದ್ಧ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಅದನ್ನು ಹಿಡಿದುಕೊಂಡಿರುತ್ತದೆ. ನೀರು ನಿಂತು ಗಾಳಿ ತಪ್ಪಿದಾಗ ತುಕ್ಕು ಕರಗಿ, ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಅಂಥ ಗದ್ದೆಗೆ ಹಸಿ ಹುಲ್ಲನ್ನು ಉತ್ತರೆ, ಕೊಳೆಯುವ ಹುಲ್ಲು ಉಳಿದ ಅಲ್ಪ ಗಾಳಿಯನ್ನೂ ನುಂಗಿ ಈ ಕೆಲಸವನ್ನು ಇನ್ನಷ್ಟು ತ್ವರೆಗೊಳಿಸುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಆರ್ಸೆನಿಕ್ಕನ್ನು ಬೇರೊಂದು ರೂಪಕ್ಕೆ ತಿರುಗಿಸಿದಾಗ, ತೆನೆ ಜೊಳ್ಳಾಗಿ, ಬಾಗದೆ ನೆಟ್ಟಗೆ ನಿಲ್ಲುವ ಒಂದು ಬಾಧೆಯೂ ಉಂಟಾಗುವದು. ತುಂಬಿದ ತೆನೆಯೇ ಬಾಗುವದಲ್ಲವೇ?

ಇದನ್ನು ಕಣ್ಣಾರೆ ನೋಡಬೇಕಾದರೆ ಬಂಗಾಳವನ್ನು ನೆನೆಯಬೇಕು. ಕಲಕತ್ತೆಯ ಚರ್ಮರೋಗ ವೈದ್ಯರಾದ ಕ್ಷಿತೀಶ ಚಂದ್ರ ಸಾಹಾ ಅವರು ೧೯೮೩ರಲ್ಲಿ ಹಳ್ಳಿಗರ ಚರ್ಮದ ಕಲೆಗಳಿಗೆ ಕೊಳವೆಬಾವಿಯ ನೀರಿನಲ್ಲಿದ್ದ ಆರ್ಸೆನಿಕ್ ಕಾರಣವೆಂದು ಗುರುತಿಸಿದರು. ಅದೇ ನೀರು ಅಲ್ಲಿಯ ಬೇಸಿಗೆಯ ಬೋರೋ ಭತ್ತಕ್ಕೂ ಹಾಯುತ್ತದೆ. ಕಾಳಿಗಿಂತ ಹುಲ್ಲಿನಲ್ಲಿ ಆರ್ಸೆನಿಕ್ ಎಷ್ಟೋ ಪಾಲು ಹೆಚ್ಚು. ಹುಲ್ಲನ್ನು ದನ ತಿನ್ನುತ್ತದೆ, ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಹಾಕುತ್ತಾರೆ, ಆ ಹೊಗೆಯನ್ನು ಅಡಿಗೆಮನೆಯಲ್ಲಿ ಕುಳಿತ ತಾಯಿ ಸೇವಿಸುತ್ತಾಳೆ. ಗದ್ದೆಯಿಂದ ಹೊರಟ ವಿಷವು ಎಷ್ಟು ಬಾಗಿಲುಗಳಿಂದ ಮನೆಯೊಳಗೆ ಬರುವದೋ ನೋಡಿರಿ!

೫. ಹುಲ್ಲಿನ ಹಲವು ದಾರಿಗಳು

ನಮ್ಮ ಮನೆಗಳಲ್ಲಿ ಬೈಹುಲ್ಲಿಗೆ ಇಲ್ಲದ ಉಪಯೋಗವಿಲ್ಲ. ದನದ ಮೇವು ಅದು, ಹಟ್ಟಿಯ ಹಾಸಿಗೆ ಅದು, ಅಕ್ಕಿಮುಡಿ ಕಟ್ಟುವದಕ್ಕೂ ಅದೇ. ನನ್ನ ಅಜ್ಜಿಯ ಮನೆಯಲ್ಲಿ ಮುಡಿ ಕಟ್ಟುವವನ ಕೈಚಳಕವನ್ನು ನೋಡುತ್ತ ಕುಳಿತ ದಿನಗಳು ನನಗೆ ಇನ್ನೂ ನೆನಪಿವೆ. ಕೆಟ್ಟ ಗದ್ದೆಯ ಹುಲ್ಲಿಗೆ ಈ ದಾರಿಗಳಲ್ಲಿ ಯಾವದು ತೆರೆದಿದೆ, ಯಾವದು ಮುಚ್ಚಿದೆ ಎಂದು ಒಂದೊಂದಾಗಿ ನೋಡೋಣ.

ಗದ್ದೆಯಲ್ಲಿಯೇ ಸುಡುವದು: ಬೆಂಕಿ ಹುಲ್ಲನ್ನು ತಿನ್ನುವದೇ ಹೊರತು ಲೋಹವನ್ನಲ್ಲ. ಸ್ವಲ್ಪ ಭಾಗ ಹೊಗೆಯೊಡನೆ ಊರ ಮೇಲೆ ಹರಡಿ, ಉಳಿದದ್ದು ಬೂದಿಯಲ್ಲಿ ಗದ್ದೆಗೇ ಮರಳುವದು. ಇದು ಮುಚ್ಚಿದ ದಾರಿ.

ದನಕ್ಕೆ ಹಾಕುವದು: ತಿಂದ ಕ್ಯಾಡ್ಮಿಯಂನ ಬಹುಭಾಗ ಸಗಣಿಯಲ್ಲಿ ಹೊರಬಂದು, ಗೊಬ್ಬರದೊಂದಿಗೆ ಪುನಃ ಗದ್ದೆಗೆ ಹೋಗುವದು, ಉಳಿದದ್ದು ಪ್ರಾಣಿಯ ಮೂತ್ರಪಿಂಡದಲ್ಲಿಯೂ ಪಿತ್ತಕೋಶವಿರುವ ಯಕೃತ್ತಿನಲ್ಲಿಯೂ ಕೂಡುವದು. ಇದೂ ಮುಚ್ಚಿದ ದಾರಿ.

ಗೊಬ್ಬರದ ಗುಂಡಿಗೆ ಹಾಕುವದು: ಹುಲ್ಲು ಕೊಳೆತು ತೂಕದಲ್ಲಿ ಅರ್ಧಕ್ಕೆ ಇಳಿದರೆ, ಲೋಹ ಇದ್ದಷ್ಟೇ ಇರುವದರಿಂದ, ಕಿಲೋ ಒಂದಕ್ಕೆ ಅದರ ಪ್ರಮಾಣ ಇಮ್ಮಡಿಯಾಗುವದು. ಎರೆಹುಳುವಿನ ಗೊಬ್ಬರಕ್ಕೂ ಇದೇ ಮಾತು.

ಅಣಬೆ ಬೆಳೆಯುವದು: ಅಣಬೆಗಳು ಕ್ಯಾಡ್ಮಿಯಮ್ಮನ್ನು ಕೂಡಿಸಿಕೊಳ್ಳುವದರಲ್ಲಿ ಹೆಸರಾದವು. ಆದುದರಿಂದ ಕೆಟ್ಟ ಹುಲ್ಲಿನ ಮೇಲೆ ಅವನ್ನು ಬೆಳೆಯಲೇಬಾರದು.

ಮಸಿಯಾಗಿಸುವದು: ಹೆಚ್ಚು ಗಾಳಿ ಕೊಡದೆ ಹುಲ್ಲನ್ನೋ ಉಮಿಯನ್ನೋ ಬೇಯಿಸಿ ಮಾಡಿದ ಮಸಿಯು ಕ್ಷಾರಗುಣದ್ದು. ಅದು ಮಣ್ಣಿನ ಹುಳಿಯನ್ನು ತಗ್ಗಿಸಿ ಕ್ಯಾಡ್ಮಿಯಮ್ಮನ್ನು ಹಿಡಿದಿಡಬಲ್ಲದು. ಆದರೆ ಅದನ್ನು ಶುದ್ಧವಾದ ಗದ್ದೆಯ ಹುಲ್ಲಿನಿಂದ ಮಾಡಬೇಕು. ಕೆಟ್ಟ ಹುಲ್ಲಿನ ಮಸಿ ತನ್ನೊಳಗಿನ ಲೋಹವನ್ನೂ ಹೊತ್ತುಕೊಂಡೇ ಬರುವದು.

ತೆರೆದ ದಾರಿಗಳು ಕೆಲವೇ. ಹೊಗೆಯನ್ನು ಸೋಸುವ ಏರ್ಪಾಡುಳ್ಳ ದೊಡ್ಡ ಕುಲುಮೆಗಳಲ್ಲಿ ಉರುವಲಾಗಿಸಿ, ಆ ಬೂದಿಯನ್ನು ಹೊಲಗಳಿಗೆ ಹಾಕದೆ ಬೇರೆಯಾಗಿ ಹೂಳುವದು ಒಂದು. ಬಾಯಿಗೂ ಮಣ್ಣಿಗೂ ಸೇರದ ಕಾಗದ, ಹಲಗೆ ಮುಂತಾದ ಸಾಮಾನುಗಳಿಗೆ ಕೊಡುವದು ಇನ್ನೊಂದು. ಇವೆರಡೂ ಒಬ್ಬ ಒಕ್ಕಲಿಗನಿಂದ ಆಗುವ ಕೆಲಸಗಳಲ್ಲ; ಊರು ಕೂಡಿ, ಪಂಚಾಯತಿಯವರನ್ನೂ ಕೃಷಿ ಇಲಾಖೆಯವರನ್ನೂ ಕೇಳಿ ಮಾಡಿಸಬೇಕಾದವು.

ಚೀನಾದ ಅನುಭವ ಇಲ್ಲಿ ನಮಗೆ ಉಪಯುಕ್ತ. ೨೦೧೩ರ ಮೇ ತಿಂಗಳಲ್ಲಿ ಗುವಾಂಗ್‌ಝೌ ನಗರದ ಅಧಿಕಾರಿಗಳು ಪರೀಕ್ಷಿಸಿದ ೧೮ ಮಾದರಿಗಳ ಅಕ್ಕಿ ಮತ್ತು ಅಕ್ಕಿಯ ಪದಾರ್ಥಗಳಲ್ಲಿ ೮ ಮಿತಿ ಮೀರಿದ್ದವು. ಹೂನಾನ್ ಪ್ರಾಂತದಿಂದ ಬಂದ ಅಕ್ಕಿಯ ಹೆಸರು ಮನೆಮನೆಯ ಮಾತಾಯಿತು. ಮರುವರ್ಷ ಅಲ್ಲಿಯ ಸರಕಾರವು ಚಾಂಗ್‌ಶಾ ಮೊದಲಾದ ಮೂರು ನಗರಗಳ ಸುತ್ತಲಿನ ಹೊಲಗಳಲ್ಲಿ ದೊಡ್ಡ ಪ್ರಯೋಗವನ್ನು ಆರಂಭಿಸಿತು. ಲೋಹವನ್ನು ಕಡಿಮೆ ಹೀರುವ ತಳಿ, ಸರಿಯಾದ ನೀರಾವರಿ, ಸುಣ್ಣದಿಂದ ಮಣ್ಣಿನ ಹುಳಿ ತಗ್ಗಿಸುವದು, ಇವು ಅದರ ಮೂರು ಆಧಾರಗಳು. ಅಂಥ ಹೊಲಗಳಿಂದ ಹುಲ್ಲನ್ನು ಹೊರಸಾಗಿಸುವ ಕ್ರಮವನ್ನೂ ಚೀನಾದಲ್ಲಿ ಪರೀಕ್ಷಿಸಿದ್ದಾರೆ.

೬. ಹುಲ್ಲನ್ನು ತೆಗೆದರೆ ಮಣ್ಣು ಬಡವಾಗದೇ?

ಆಗುವದು, ಇದನ್ನು ಮರೆಮಾಡಬಾರದು. ಬೈಹುಲ್ಲಿನಲ್ಲಿ ನೂರಕ್ಕೆ ೧.೨ರಿಂದ ೧.೭ರಷ್ಟು ಪೊಟ್ಯಾಸಿಯಂ, ೦.೫ರಿಂದ ೦.೮ರಷ್ಟು ಸಾರಜನಕ, ೪ರಿಂದ ೭ರಷ್ಟು ಸಿಲಿಕಾನ್ ಇರುತ್ತವೆ. ನಮ್ಮ ಲೆಕ್ಕದ ೬ ಟನ್ ಹುಲ್ಲು ಹೋದರೆ, ಅದರೊಂದಿಗೆ ೭೨ರಿಂದ ೧೦೨ ಕಿಲೋ ಪೊಟ್ಯಾಸಿಯಮ್ಮೂ, ೩೦ರಿಂದ ೪೮ ಕಿಲೋ ಸಾರಜನಕವೂ, ೨೪೦ರಿಂದ ೪೨೦ ಕಿಲೋ ಸಿಲಿಕಾನೂ ಹೋಯಿತು. ಆದುದರಿಂದ ತೆಗೆದವನು ತುಂಬಿಕೊಡಲೂ ಬೇಕು.

ಪೊಟ್ಯಾಷ್ ಗೊಬ್ಬರವನ್ನು ಕೊಳ್ಳುವಾಗ ಒಂದು ಎಚ್ಚರಿಕೆ. ಕ್ಲೋರೈಡ್ ರೂಪದ್ದು ಅಗ್ಗವಾದರೂ, ಕ್ಲೋರೈಡು ಕ್ಯಾಡ್ಮಿಯಂನೊಡನೆ ಕೂಡಿ ಅದನ್ನು ಬೇರಿನತ್ತ ಒಯ್ಯುವದರಿಂದ, ಕ್ಯಾಡ್ಮಿಯಂ ಇರುವ ಗದ್ದೆಗೆ ಸಲ್ಫೇಟ್ ರೂಪದ್ದೇ ಮೇಲು.

ಸಿಲಿಕಾನಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ಭತ್ತದ ಬೇರಿನಲ್ಲಿ ಸಿಲಿಕಾನ್ ಒಳಹೋಗುವ ಬಾಗಿಲನ್ನು ಜಪಾನಿನ ವಿಜ್ಞಾನಿಗಳು ೨೦೦೬ರಲ್ಲಿ ಕಂಡುಹಿಡಿದರು. ಎರಡು ವರ್ಷದ ಬಳಿಕ, ನೀರು ನಿಂತ ಗದ್ದೆಯ ಆರ್ಸೆನಿಕ್ ಕೂಡ ಅದೇ ಬಾಗಿಲಿನಿಂದ ನುಸುಳುವದೆಂದು ತಿಳಿದುಬಂತು. ಬಾಗಿಲಲ್ಲಿ ಸಿಲಿಕಾನಿನ ಗುಂಪು ನೆರೆದಿದ್ದರೆ ಆರ್ಸೆನಿಕ್ಕಿಗೆ ದಾರಿ ಇಕ್ಕಟ್ಟಾಗುವದು. ಹಾಗಾದರೆ ಸಿಲಿಕಾನ್ ಹೇರಳವಾಗಿಯೂ ಆರ್ಸೆನಿಕ್ ಅಲ್ಪವಾಗಿಯೂ ಇರುವ ವಸ್ತು ಯಾವದು? ನಮ್ಮ ಅಕ್ಕಿಮಿಲ್ಲಿನ ಹಿಂದೆ ಗುಡ್ಡೆಯಾಗಿ ಬಿದ್ದಿರುವ ಉಮಿ! ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದ ಸಂಶೋಧಕರು ಉಮಿಯನ್ನು ಮಣ್ಣಿಗೆ ಸೇರಿಸಿ ಬೆಳೆದಾಗ ಕಾಳಿನಲ್ಲಿನ ಹಾನಿಕರ ಆರ್ಸೆನಿಕ್ ನೂರಕ್ಕೆ ೨೫ರಿಂದ ೫೦ರಷ್ಟು ಕಡಿಮೆಯಾಯಿತೆಂದು ೨೦೧೬ರಲ್ಲಿ ತಿಳಿಸಿದರು. ಹುಲ್ಲು ಹೊರಗೆ, ಉಮಿ ಒಳಗೆ. ಆರ್ಸೆನಿಕ್ ಇರುವ ಗದ್ದೆಗೆ ಇದೇ ಸೂತ್ರ.

೭. ಏನು ಮಾಡಬೇಕು?

ಮೊದಲನೆಯದಾಗಿ, ಯಾರೂ ಹೆದರಿ ಓಡಬಾರದು. ಗಣಿಯಾಗಲಿ, ಕಾರ್ಖಾನೆಯಾಗಲಿ, ಪಟ್ಟಣದ ಕೊಳೆನೀರಾಗಲಿ ಸೋಕದ ಗದ್ದೆಗೆ ಹಳೆಯ ಪಾಠವೇ ಸರಿ. ಅಲ್ಲಿ ಹುಲ್ಲು ಮಣ್ಣಿನ ಆಸ್ತಿ. ಅದನ್ನು ಸುಡಬೇಡಿರಿ, ಗದ್ದೆಗೆ ಮರಳಿಸಿರಿ.

ಎರಡನೆಯದಾಗಿ, ನಿಮ್ಮ ಗದ್ದೆಯ ನೀರು ಎಲ್ಲಿಂದ ಬರುತ್ತದೆಂದು ಮೇಲ್ಗಡೆಗೆ ನಡೆದು ನೋಡಿರಿ. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿಯು ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಕೆರೆಯ ಕೆಳಗೆ ಬೇಸಾಯಗಾರರಿದ್ದಾರೆ. ಇಂಥ ಸ್ಥಳ ನಮ್ಮ ನಾಡಿನಲ್ಲಿ ಅದೊಂದೇ ಅಲ್ಲ.

ಮೂರನೆಯದಾಗಿ, ಸಂದೇಹವಿದ್ದರೆ ಮಣ್ಣು, ನೀರು, ಅಕ್ಕಿ, ಹುಲ್ಲು ಈ ನಾಲ್ಕನ್ನೂ ಪರೀಕ್ಷೆ ಮಾಡಿಸಿರಿ. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಪರೀಕ್ಷೆಗಳಲ್ಲಿ ಕ್ಯಾಡ್ಮಿಯಮ್ಮೂ ಆರ್ಸೆನಿಕ್ಕೂ ಸೇರಿಲ್ಲ. ಚೀಟಿಯಲ್ಲಿ ಎಲ್ಲವೂ ಸರಿಯೆಂದಿದ್ದರೂ ಇವೆರಡನ್ನು ಬೇರೆಯಾಗಿ ಕೇಳಿಯೇ ಮಾಡಿಸಬೇಕು.

ನಾಲ್ಕನೆಯದಾಗಿ, ಕ್ಯಾಡ್ಮಿಯಂ ಇದೆಯೆಂದು ತಿಳಿದರೆ, ಕೆಟ್ಟ ನೀರನ್ನು ಮೊದಲು ತಡೆಯಿರಿ. ಕೂಳೆ ಎತ್ತರವಾಗಿ ಉಳಿಯದಂತೆ ನೆಲದ ಸಮೀಪಕ್ಕೆ ಕೊಯ್ಯಿರಿ. ಹುಲ್ಲನ್ನು ಮಳೆಯಲ್ಲಿ ನೆನೆಯಗೊಡದೆ ಬೇಗನೆ ಹೊರಸಾಗಿಸಿ, ಮೇವಿನ ಬಣವೆಯೊಡನೆ ಬೆರೆಸದೆ ಬೇರೆ ಇಡಿರಿ. ಸುಣ್ಣ ಹಾಕಿರಿ, ತೆನೆಯ ಕಾಲದಲ್ಲಿ ನೀರು ನಿಲ್ಲಿಸಿರಿ, ಶುದ್ಧವಾದ ಗೊಬ್ಬರದಿಂದ ನಷ್ಟವನ್ನು ತುಂಬಿರಿ.

ಐದನೆಯದಾಗಿ, ಆರ್ಸೆನಿಕ್ ಇದೆಯೆಂದು ತಿಳಿದರೆ, ಹುಲ್ಲನ್ನು ಹೀಗೆಯೇ ತೆಗೆದು ಉಮಿಯನ್ನು ಸೇರಿಸಿರಿ. ಗದ್ದೆಯನ್ನು ನಡುನಡುವೆ ಆರಲು ಬಿಡಿರಿ. ಸಾಧ್ಯವಿದ್ದಲ್ಲಿ ಕೊಳವೆಬಾವಿಯ ಬದಲು ಕೆರೆಯ ಅಥವಾ ಮಳೆಯ ನೀರನ್ನು ಉಪಯೋಗಿಸಿರಿ. ಎರಡೂ ಇದ್ದರೆ ನೀರಿನ ನಿಯಮಗಳು ಒಂದನ್ನೊಂದು ವಿರೋಧಿಸುವದರಿಂದ, ಕೃಷಿ ವಿಶ್ವವಿದ್ಯಾಲಯದವರನ್ನು ಕೇಳದೆ ಕೈಹಾಕಬೇಡಿರಿ.

ಅಡಿಗೆಮನೆಯ ಮಾತೊಂದು. ಆರ್ಸೆನಿಕ್ ಇರುವ ಅಕ್ಕಿಯನ್ನು ಶುದ್ಧವಾದ ಹೆಚ್ಚು ನೀರಿನಲ್ಲಿ ಬೇಯಿಸಿ ತಿಳಿಯನ್ನು ಬಸಿದು ಚೆಲ್ಲಿದರೆ ಅದರ ಒಳ್ಳೆಯ ಭಾಗ ಹೋಗುವದು. ನಮ್ಮ ಗಂಜಿಯೂಟದಲ್ಲಿ ತಿಳಿ ಬಟ್ಟಲಿಗೇ ಬರುವದರಿಂದ ಈ ಲಾಭವಿಲ್ಲ. ಕ್ಯಾಡ್ಮಿಯಂ ಮಾತ್ರ ಬಸಿಯುವದರಿಂದ ಅಷ್ಟಾಗಿ ಹೋಗದು. ಅದನ್ನು ಗದ್ದೆಯಲ್ಲಿಯೇ ತಡೆಯಬೇಕು.

೮. ಕಾಗದದ ಕೊನೆಯ ಮಾತು

ಈಗ ಆ ಹಳೆಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುವೆನು. "ನಾವು ಮಾಡಿದ್ದು ತಪ್ಪೇ?" ಎಂದು ಅವಳು ಕೇಳಿದ್ದಳು. ಹುಲ್ಲು ವಿಷವನ್ನು ಹುಟ್ಟಿಸಲಿಲ್ಲ, ವಿಷವು ತೋಡಿನ ನೀರಿನಲ್ಲಿ ಬಂತು; ಹುಲ್ಲು ಅದನ್ನು ವರ್ಷ ವರ್ಷವೂ ಬೇರಿನ ಬಳಿಗೆ ಮರಳಿ ತಂದಿತು. ಆ ಎರಡನೆಯ ಭಾಗದಲ್ಲಿ ತಪ್ಪು ಅವಳದಲ್ಲ, ನನ್ನದು. ಒಳ್ಳೆಯ ಗದ್ದೆಗೆ ಸಲ್ಲುವ ನಿಯಮವನ್ನು ಎಲ್ಲ ಗದ್ದೆಗೂ ಸಲ್ಲುವದೆಂಬಂತೆ ನಾನು ಕಲಿಸಿದ್ದೆನು.

ಕಾಗದದ ಕೊನೆಗೆ ಅವಳು ಬರೆದದ್ದು ಇದು: "ನಮ್ಮ ಮಾವನವರು, ಈ ಅಕ್ಕಿಯನ್ನು ನಾವು ಉಣ್ಣುವದು ಬೇಡ, ಮಾರಿಬಿಡೋಣ ಅನ್ನುತ್ತಾರೆ. ವರ್ಷದ ದುಡಿಮೆಯೆಲ್ಲ ಅದರಲ್ಲಿದೆ. ಎದುರುತ್ತರ ಕೊಡಲು ನನಗೆ ಬಾಯಿ ಬರಲಿಲ್ಲ."

ನಾನು ಅವಳಿಗೆ ಲೆಕ್ಕವನ್ನೇ ಬರೆದೆನು. ೦.೪ ಮಿಲಿಗ್ರಾಂ ಎಂಬ ಮಿತಿ ನಮ್ಮ ಮಕ್ಕಳ ತಟ್ಟೆಗೆ ಒಂದು, ಪೇಟೆಯಲ್ಲಿ ಕೊಂಡು ಉಣ್ಣುವವರ ಮಕ್ಕಳ ತಟ್ಟೆಗೆ ಇನ್ನೊಂದು ಎಂದಿಲ್ಲ. ಆ ಅಂಕೆಗಳನ್ನು ಮಾವನವರ ಮುಂದೆ ಮೆಲ್ಲಗೆ ಓದು, ಜಿಂಜೂ ನದಿಯ ತಾಯಂದಿರ ಕಥೆಯನ್ನೂ ಹೇಳು ಎಂದು ಬರೆದೆನು. ಎರಡು ತಿಂಗಳ ಬಳಿಕ ಉತ್ತರ ಬಂತು. ಹಿರಿಯರು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಆ ಮುಡಿಗಳನ್ನು ಕಣಜದ ಒಂದು ಮೂಲೆಗೆ 'ಮಾರುವದಕ್ಕಲ್ಲ' ಎಂದು ಬೇರೆ ಇಡಿಸಿ, ನೆರೆಯ ಐದು ಮನೆಯವರನ್ನು ಕೂಡಿಸಿ ತೋಡಿನ ನೀರಿನ ವಿಷಯವಾಗಿ ಅರ್ಜಿ ಬರೆಸಿದರಂತೆ. ಅರ್ಜಿಯನ್ನು ಬರೆದವಳು ಅವಳೇ. ಈ ಸಲ ಹುಲ್ಲನ್ನು ತಳದವರೆಗೆ ಕೊಯ್ದು ಬೇರೆ ಚಪ್ಪರದಡಿಯಲ್ಲಿ ಇಟ್ಟಿದ್ದಾರೆ, ಸುಣ್ಣ ಹಾಕಿದ್ದಾರೆ. ಬರುವ ಬೆಳೆಯ ಅಕ್ಕಿಯನ್ನು ಮತ್ತೆ ಪರೀಕ್ಷೆಗೆ ಕಳುಹಿಸಲಿದ್ದಾರೆ. ಫಲ ಏನೆಂದು ಇನ್ನೂ ತಿಳಿಯದು.

ಒಂಬತ್ತನೆಯ ತರಗತಿಯ ಪಾಠವನ್ನು ನಾನು ಈ ವರ್ಷದಿಂದ ಹೀಗೆ ಬರೆಯಿಸುತ್ತಿದ್ದೇನೆ: "ಗದ್ದೆಯಿಂದ ಬಂದ ಹುಲ್ಲು ಗದ್ದೆಗೇ ಹೋಗಲಿ, ಆದರೆ ಗದ್ದೆಗೆ ಏನು ಬಂದಿದೆಯೆಂದು ಮೊದಲು ತಿಳಿದುಕೊಳ್ಳಬೇಕು." ಹಳೆಯ ನೋಟುಬುಕ್ಕುಗಳನ್ನು ಇಟ್ಟುಕೊಂಡಿರುವವರು ದಯಮಾಡಿ ಆ ಪುಟದಲ್ಲಿ ಈ ಸಾಲನ್ನು ಸೇರಿಸಿಕೊಳ್ಳಿರಿ.

ಮನೆಯಲ್ಲಿ ಮಕ್ಕಳೊಂದಿಗೆ ವಿಚಾರಿಸತಕ್ಕ ಪ್ರಶ್ನೆಗಳು

(೧) ನಮ್ಮ ಮನೆಯ ಅಕ್ಕಿ ಯಾವ ಊರಿನ ಗದ್ದೆಯದು? ಆ ಗದ್ದೆಗೆ ಯಾವ ನೀರು ಹಾಯುತ್ತದೆ?
(೨) ಕೊಳೆಯುವ ವಸ್ತುಗಳು ಯಾವವು, ಕೊಳೆಯದವು ಯಾವವು? ಐದೈದನ್ನು ಹೆಸರಿಸಿರಿ.
(೩) ಹುಲ್ಲನ್ನು ಸುಟ್ಟರೆ ಅದರಲ್ಲಿದ್ದ ಕ್ಯಾಡ್ಮಿಯಂ ಎಲ್ಲಿಗೆ ಹೋಗುವದು?
(೪) ನೀರು ನಿಲ್ಲಿಸುವದರಿಂದ ಯಾವ ವಿಷ ತಗ್ಗುವದು, ಯಾವದು ಹೆಚ್ಚುವದು?
(೫) ನಾವು ಉಣ್ಣಲೊಲ್ಲದ್ದನ್ನು ಇತರರಿಗೆ ಮಾರಬಹುದೇ?